ಪರೀಕ್ಷೆಗೆ ಮುಂಚೆ ಕಲಿತ ಕ್ರಿಯಾಪದ

ಅಣ್ಣನ ಫೀಸು ಕಟ್ಟಲು ಶಾಲೆ ಬಿಟ್ಟು ಗಿರಣಿ ಸೇರಿದ ತಂಗಿಗೆ, "ನೀನು ಓದೋ ಕಾಲ ಬಂದ್ರೆ ಗೇಟಿನವರೆಗೂ ನಾನೇ ಬಿಡ್ತೀನಿ" ಎಂದು ಆ ಅಣ್ಣ ಐವತ್ತು ವರ್ಷದ ಹಿಂದೆ ಮಾತು ಕೊಟ್ಟಿದ್ದರಂತೆ. ಇಂದು ಆ ತಂಗಿ ಮಲ್ಸುಕ್ ಅಜ್ಜಿಗೆ ಕಾಲೇಜು ಪ್ರವೇಶ ಪರೀಕ್ಷೆ. ಗುನ್‌ಸಾನ್ ಊರಿನ ಮಂಜಿನಲ್ಲಿ ತೇಲುತ್ತಿದ್ದ ಬಸ್ಸಿನಲ್ಲಿ ಇಬ್ಬರೂ ನನ್ನ ಮುಂದೆ ಕೂತಿದ್ದರು.

"ಅಣ್ಣ, ಈ ಇಂಗ್ಲಿಷ್ ಪದ 'ಅಕಂಪನಿ' ಅಂದ್ರೇನು?"

"ಜೊತೆಗೆ ಹೋಗೋದು. ಹಿಂದೆ ಆ ಪದದ ಮೂಲದಲ್ಲಿ ರೊಟ್ಟಿ ಅನ್ನೋ ಅರ್ಥ ಇತ್ತಂತೆ, ಹಂಚ್ಕೊಂಡು ತಿನ್ನೋ ರೊಟ್ಟಿ."

"ನಾವು ಮನೆಯವರನ್ನ ಉಣ್ಣೋ ಬಾಯಿಗಳು ಅಂತೀವಲ್ಲ, ಹಂಗೆ."

"ಹಂಗೇ ಕಣೆ."

"ನಿನ್ನ ಬಾಯಿ ದೊಡ್ಡದಿತ್ತು. ನನ್ನ ಬಾರ್ಲಿ ಅನ್ನಾನೂ ನೀನೇ ತಿಂತಿದ್ದೆ."

"ತಿಂದೆ."

ಬಸ್ಸು ಪರೀಕ್ಷೆ ನಡೆಯುವ ಶಾಲೆಯ ಮುಂದೆ ನಿಂತಿತು.

"ಮಂಡಿ ನೋವು ನಿಂಗೆ. ಇಲ್ಲೇ ಕೂತಿರು, ನಾನು ಹೋಗ್ತೀನಿ."

"ಸುಮ್ನೆ ನಡಿ."

ಅಣ್ಣ ಕೋಲೂರಿ ಇಳಿದರು. ತಂಗಿಯನ್ನು ಗೇಟಿನವರೆಗೂ ಬಿಟ್ಟರು.