ಮರೆತುಹೋದ ಅಡ್ಮಿನ್ ಪಾಸ್‌ವರ್ಡ್

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಕಾಲೇಜು ಲೈಬ್ರರಿಯವರಿಬ್ಬರು.

"ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡ್ದಾಗ ಅಡ್ಮಿನ್ ಪಾಸ್‌ವರ್ಡ್ ನೀನೇ ಹಾಕ್ಬಾರ್ದಿತ್ತಾ, ಕೋಮಲ?"

"ದೊಡ್ಡೋರ ಕೈಲಿ ಶುರುವಾಗ್ಲಿ ಅಂತ ನಮ್ ಲೈಬ್ರೇರಿಯನ್ ಮಂಗಳಮ್ಮ ಮೇಡಂ ಕೈಲಿ ಹಾಕುಸ್ದೆ, ಪ್ರೇಮಣ್ಣ. ನೋಡ್ಬಾರ್ದು ಅಂತ ಎಲ್ರೂ ಅತ್ಲಾಗ್ ತಿರುಕ್ಕೊಂಡ್ವಿ."

"ಈಗ ಅವ್ರು ರಿಟೈರಾಗಿ ನರಸೀಪುರದ ಮನೆ ಸೇರ್ಕೊಂಡವ್ರೆ. ಮತ್ತೆ ಇನ್‌ಸ್ಟಾಲ್ ಮಾಡುದ್ರೆ?"

"ನಾಲ್ಕು ಸಾವಿರ ಪುಸ್ತಕ ಮೊದ್ಲಿಂದ ತುಂಬ್ಬೇಕು."

"ಕಂಪ್ಯೂಟ್ರು ಬರಲ್ಲ ಅವ್ರಿಗೆ. ಸುಮ್ನೆ ಏನೋ ಒತ್ತಿರ್ತಾರೆ."

"ಪಾಸ್‌ವರ್ಡ್ ಎರಡು ಸಲ ಕೇಳ್ತದೆ ಅಣ್ಣ. ಎರಡೂ ಒಂದೇ ಇದ್ರೇನೇ ಮುಂದಕ್ಕೆ ಓಯ್ತದೆ. ಏನ್ ಹಾಕುದ್ರು ಅಂತ ಅವ್ರಿಗೆ ಚೆನ್ನಾಗ್ ಗೊತ್ತು."

"ಮತ್ತೆ ಫೋನಲ್ಲಿ ಮರ್ತೋಯ್ತು ಅಂದ್ರಲ್ಲ?"

ಕೋಮಲ ಪ್ರೇಮಣ್ಣನತ್ತ ತಿರುಗಿದರು.

"ನಾವು ಅವ್ರಿಗೆ ಸೆಂಡಾಫ್ ಮಾಡುದ್ವಾ?"

ನರಸೀಪುರ ಬಂತು. ಇಬ್ಬರೂ ಇಳಿದು ನೇರವಾಗಿ ಹೂವಿನಂಗಡಿಗೆ ನಡೆದರು.

"ಒಂದು ಹಾರ ಕೊಡಮ್ಮ," ಎಂದರು ಪ್ರೇಮಣ್ಣ. "ದೊಡ್ಡದು."