ತಣ್ಣಗಾದ ಕಿವಿ

ಕಾರ್ತಿಕದ ಸೋನೆ ಹಿಡಿದಿತ್ತು. ತೆರಕಣಾಂಬಿಯ ದನದಾಸ್ಪತ್ರೆ ಜಗಲಿಯಲ್ಲಿ ಕೆಮ್ಮುವ ಮೇಕೆ ಹಿಡಿದು ಕೂತಿದ್ದ ಪುಟ್ಟಮಾದಮ್ಮನ ಹಿಂದೆ, ಮೊಣಕಾಲವರೆಗೂ ಕೆಸರಾದ ಅತ್ತಿಗೆ ಮೈದುನ ಇಬ್ಬರು ಬಂದು ನಿಂತರು.

"ನೆನ್ನೆ ಕರ ಆಕ್ದಾಗ ಹಸ ಚೆನ್ನಾಗೇ ಇತ್ತಲ್ಲ, ಅತ್ಗೆ?"

"ಇತ್ತು ಕಣಪ್ಪ. ಬೆಳಿಗ್ಗೆ ನೋಡುದ್ರೆ ಕೊಟ್ಗೆ ಕೆಸರಲ್ಲಿ ಬಿದ್ದದ, ಎದ್ದೇಳಕ್ಕಾಯ್ತಿಲ್ಲ."

"ನೆಲಕ್ಕೆ ಮರಳು ಆಕ್ಸಿ ಅಂದಿರ್ನಿಲ್ವಾ? ಜಾರಿ ಸೊಂಟ ಮುರ್ಕಂಡದ."

"ಅಂಗನ್ಬ್ಯಾಡ ಮಲ್ಲು. ಅದ್ರ ಕಿವಿ ಬ್ಯಾರೆ ತಣ್ಣಗಾಗೋಗದ."

ಪುಟ್ಟಮಾದಮ್ಮ ಮೇಕೆಯನ್ನು ಪಕ್ಕಕ್ಕೆಳೆದುಕೊಂಡಳು. "ನೀವೇ ಮುಂದೆ ಓಗವ್ವ."

ಬಾಗಿಲಿಗೆ ಬಂದ ಡಾಕ್ಟರಿಗೆ ಕಿವಿಯ ಮಾತು ಕೇಳಿಸಿತು.

"ತಣ್ಣಗಿದ್ಯಾ? ಹಾಗಾದ್ರೆ ಸೊಂಟ ಅಲ್ಲಮ್ಮ, ಕರು ಹಾಕಿ ಮೈಯಲ್ಲಿ ಸುಣ್ಣದಂಶ ಇಳಿದುಹೋಗಿದೆ. ಬೇಗ ಬಾಟ್ಲಿ ಏರಿಸಿದ್ರೆ ಎದ್ದೇಳುತ್ತೆ, ತಡವಾದ್ರೆ ಉಳಿಯಲ್ಲ. ಯಾರಾದ್ರೂ ಒಬ್ಬರು ಬೈಕ್ ಹತ್ತಿ."

"ನೀವೇ ಓಗಿ ಅತ್ಗೆ," ಅಂದ ಮಲ್ಲು. "ನಿಮ್ಮ ದನಿ ಕೇಳುದ್ರೆ ಹಸ ತಲೆ ಎತ್ತುತ್ತದ."

"ಅಯ್ಯೋ, ನಾ ಯಾವತ್ತೂ ಬೈಕ್ ಅತ್ತಿಲ್ಲ ಕಣಪ್ಪ!"

ಅನ್ನುತ್ತಲೇ ಅವಳು ಹತ್ತಿ, ಕಣ್ಣು ಮುಚ್ಚಿ, ಡಾಕ್ಟರ ಅಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಬೈಕು ಕೆಸರು ಹಾರಿಸಿಕೊಂಡು ಹೊರಟಿತು. ಮಲ್ಲು ಪಂಚೆ ಎತ್ತಿಕಟ್ಟಿ ಹಿಂದೆಯೇ ಓಡಿದ.