ಅಳಿಸಿದ ಜಾಡು

ವಿಚಾರಣೆ ಕೋಣೆಯ ಹೊರಗಿನ ಬೆಂಚಿನಲ್ಲಿ, ಆಸ್ಪತ್ರೆಯ ಔಷಧಿ ಪಂಪು ನಿಂತು ಮಗನನ್ನು ಕಳೆದುಕೊಂಡ ಮುದುಕಿ ಕೂತಿದ್ದಳು. ಪಕ್ಕದಲ್ಲಿದ್ದವರು ಆ ಪಂಪಿನ ಪ್ರೋಗ್ರಾಮ್ ಬರೆದ ಇಂಜಿನಿಯರ್ ಮತ್ತು ಅವನ ಕೈಕೆಳಗೆ ಕೆಲಸ ಮಾಡುವ ಹುಡುಗಿ. ಅವರಿಗೆ ಇವಳ ಗುರುತಿರಲಿಲ್ಲ.

"ಸರ್, ಪ್ರೋಗ್ರಾಮ್ ಎಲ್ಲಿ ನಿಂತಿತು ಅಂತ ಗೊತ್ತು. ಅದರ ಯಾವ ತುಣುಕು, ಯಾವ ಫಂಕ್ಷನ್, ಅಲ್ಲಿಗೆ ಕರೀತು ಅನ್ನೋ ಜಾಡೇ ಇಲ್ವಲ್ಲ," ಎಂದಳು ಹುಡುಗಿ.

"ಜಾಡು ಇಡೋದು ಫ್ರೇಮ್ ಪಾಯಿಂಟರ್. ಕೋಡನ್ನ ಯಂತ್ರದ ಭಾಷೆಗೆ ತಿರುಗಿಸುವಾಗ, ಅದು ಬೇಡ ಅಂತ ಕಂಪೈಲರ್‌ಗೆ ನಾನೇ ಹೇಳಿದ್ದೆ."

"ಯಾಕ್ ಸರ್?"

"ಪ್ರೋಗ್ರಾಮ್ ಒಂದು ಚೂರು ಚುರುಕಾಗ್ಲಿ ಅಂತ. ಒಳಗೆ ಅದೆಲ್ಲ ಬಾಯಿಬಿಡಬೇಡ. ನರ್ಸ್ ತಪ್ಪು ಗುಂಡಿ ಒತ್ತಿರಬೇಕು ಅಂತೀನಿ."

"ಹೊಟ್ಟೆಗೆ ಅನ್ನ ತಿನ್ನೋರು ಆಡೋ ಮಾತಾ ಸರ್ ಇದು?"

"ಮೆಲ್ಲಗಮ್ಮ!"

ಬಾಗಿಲು ತೆರೆಯಿತು. "ಅಜ್ಜಿ, ಸ್ವಲ್ಪ ಕಾಲು ತೆಗೀರಿ," ಎಂದು ಅವನು ದಾಟಿದ. ಹುಡುಗಿ ತಲೆ ತಗ್ಗಿಸಿ ಹಿಂಬಾಲಿಸಿದಳು.

ಮುಂದಿನ ಸರದಿ ಮುದುಕಿಯದು. ಮರೆಯಬಾರದೆಂದು ಅವಳು "ಫ್ರೇಮ್ ಪಾಯಿಂಟರ್, ಫ್ರೇಮ್ ಪಾಯಿಂಟರ್" ಎಂದು ಬಾಯಿಪಾಠ ಮಾಡತೊಡಗಿದಳು.